ಸಸಿ ಬಾಗುವ ಪ್ರಯೋಗದ ಕಿಟ್: ಕತ್ತಲೆಗೆ ಪೂರ್ತಿ ಅಂಕ, ಫಿಲ್ಟರಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನಲ್ಲಿ ಎರಡೇ ವಸ್ತು ನಿಜಕ್ಕೂ ಚೆನ್ನಾಗಿವೆ: ಕಪ್ಪು ಪೆಟ್ಟಿಗೆ ಮತ್ತು ಅದರ ಟೈಮರ್. ಬಣ್ಣದ ಫಿಲ್ಟರ್ ಹಾಳೆಗಳು ದಂಡ. ಕೈಪಿಡಿ ಅರ್ಧ ಸರಿ, ಅರ್ಧ ತಪ್ಪು. ಮಿಕ್ಕಿದ್ದೆಲ್ಲ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕೊಳ್ಳಬೇಕಾ ಬೇಡವಾ ಅಂತ ಮಾತ್ರ ಗೊತ್ತಾದರೆ ಸಾಕು ಅನ್ನುವವರಿಗೆ ಉತ್ತರ: ಪೆಟ್ಟಿಗೆ ಮತ್ತು ಟೈಮರ್ ಇರುವ ಚಿಕ್ಕ ಸೆಟ್ ಕೊಳ್ಳಿ. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ. ಸ್ವಲ್ಪ ಉದ್ದವಿದೆ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ದ್ಯುತಿ ಅನುವರ್ತನೆಯ ಪಾಠ ಪ್ರತಿ ವರ್ಷ ಬರುತ್ತದೆ. ಪುಸ್ತಕದಲ್ಲಿ ಕಿಟಕಿ ಕಡೆ ವಾಲಿದ ಸಸಿಯ ಚಿತ್ರ ಒಂದಿರುತ್ತದೆ. ಮಕ್ಕಳು ಅದನ್ನು ನೋಡಿ, "ಗಿಡ ಬೆಳಕಿನ ಕಡೆಗೆ ಬಾಗುತ್ತದೆ" ಅಂತ ಬರೆದು, ಎರಡು ಅಂಕ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಎಷ್ಟು ಬೆಳಕಿಗೆ ಬಾಗುತ್ತದೆ? ಯಾವ ಬಣ್ಣಕ್ಕೆ? ಎಷ್ಟು ಹೊತ್ತು ಬೆಳಕು ಬಿದ್ದರೆ ಸಾಕು? ಯಾರೂ ಕೇಳುವುದಿಲ್ಲ. ಕಿಟಕಿ ಪಕ್ಕದ ಕುಂಡದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದೂ ಇಲ್ಲ. ಅಲ್ಲಿ ಬೆಳಕು ದಿನವಿಡೀ ಬರುತ್ತದೆ, ಎಲ್ಲ ಬಣ್ಣಗಳಲ್ಲೂ ಬರುತ್ತದೆ, ಗೋಡೆಗೆ ಬಡಿದು ನಾಲ್ಕೂ ಕಡೆಯಿಂದ ಬರುತ್ತದೆ. ಅದಕ್ಕೇ ಇಂಥದ್ದೊಂದು ಕಿಟ್ ಹುಡುಕುತ್ತಿದ್ದೆ.

ತಯಾರಕರ ಹೆಸರು ಬರೆಯುವುದಿಲ್ಲ. ಸುಮಾರು ಇದೇ ಥರದ ಕಿಟ್‌ಗಳನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಒಳಗಿನ ಸಾಮಾನೂ ಹೆಚ್ಚುಕಡಿಮೆ ಒಂದೇ. ಮೂರು ಗೂಡುಗಳಿರುವ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಪ್ರತಿ ಗೂಡಿಗೂ ಒಂದು ಬದಿಯಲ್ಲಿ ಮಾತ್ರ ಸಣ್ಣ ಸೀಳು ಕಿಟಕಿ, ಅದಕ್ಕೊಂದು ಸರಿಸುವ ಬಾಗಿಲು. ನೀಲಿ, ಹಸಿರು, ಕೆಂಪು, ಬಿಳಿ ಎಲ್‌ಇಡಿ ಪಟ್ಟಿಗಳು. ಅವನ್ನು ಉರಿಸಲು, ಆರಿಸಲು ಟೈಮರ್ ಇರುವ ಡಬ್ಬಿ. ಬಣ್ಣದ ಹಾಳೆಗಳು, ಸಸಿಯ ತುದಿಗೆ ಹಾಕುವ ಪುಟಾಣಿ ಟೋಪಿಗಳು, ಕೋನ ಅಳೆಯುವ ಪಾರದರ್ಶಕ ಕಾರ್ಡು, ಓಟ್ಸ್, ಸಾಸಿವೆ ಮತ್ತು ಮೂಲಂಗಿ ಬೀಜಗಳು, ಒಂದು ಕೈಪಿಡಿ.

ಪೆಟ್ಟಿಗೆಯಿಂದ ಶುರು ಮಾಡೋಣ. ಈ ಕಿಟ್ಟಿನ ಜೀವ ಇರುವುದು ಅದರಲ್ಲೇ.

ಬಾಗಿಲು, ಮುಚ್ಚಳ ಎಲ್ಲ ಹಾಕಿ, ರಾತ್ರಿ ಕೋಣೆಯ ದೀಪ ಆರಿಸಿ, ಒಳಗೊಂದು ಉರಿಯುವ ಟಾರ್ಚ್ ಇಟ್ಟು ಸುತ್ತಲೂ ನೋಡಿದೆ. ಎಲ್ಲೂ ಒಂದು ಗೆರೆ ಬೆಳಕು ಕಾಣಲಿಲ್ಲ. ಮುಚ್ಚಳದ ಅಂಚಿಗೆ ಕಪ್ಪು ಫೆಲ್ಟ್ ಪಟ್ಟಿ ಅಂಟಿಸಿದ್ದಾರೆ. ಗಾಳಿಗೆ ತೂತುಗಳಿವೆ, ಆದರೆ ಅವು ನೇರವಾಗಿಲ್ಲ. ಎರಡು ಸಲ ತಿರುಗಿ ಒಳಗೆ ಹೋಗುತ್ತವೆ. ಗಾಳಿ ತಿರುಗಿಕೊಂಡು ಬರುತ್ತದೆ, ಬೆಳಕಿಗೆ ತಿರುಗೋಕೆ ಬರಲ್ಲ. ಒಳಗಿನ ಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿದ್ದಾರೆ. ಇದು ಅಂದಕ್ಕೆ ಬಳಿದದ್ದಲ್ಲ. ಸಸಿ ಬಾಗಬೇಕಾದರೆ ಅದರ ಒಂದು ಮಗ್ಗುಲಿಗೂ ಇನ್ನೊಂದು ಮಗ್ಗುಲಿಗೂ ಬೀಳುವ ಬೆಳಕಿನಲ್ಲಿ ವ್ಯತ್ಯಾಸ ಇರಬೇಕು. ಬಿಳಿ ರಟ್ಟಿನ ಡಬ್ಬಿಗೆ ತೂತು ಕೊರೆದು ಪ್ರಯೋಗ ಮಾಡಿದರೆ ಎದುರು ಗೋಡೆಯಿಂದ ಬೆಳಕು ವಾಪಸ್ ಬರುತ್ತದೆ. ವ್ಯತ್ಯಾಸ ಕಡಿಮೆಯಾಗುತ್ತದೆ, ಬಾಗುವಿಕೆಯೂ ಕಡಿಮೆ. ಆಮೇಲೆ ಮಕ್ಕಳು "ನಮ್ಮದು ಬರಲೇ ಇಲ್ಲ ಮಿಸ್" ಅಂತ ಮುಖ ಸಣ್ಣ ಮಾಡುತ್ತಾರೆ.

ಕತ್ತಲೆ ಇಷ್ಟು ಪಕ್ಕಾ ಇರಬೇಕು ಅಂತ ನಾನು ಹಟ ಹಿಡಿಯಲು ಕಾರಣವಿದೆ. ಕತ್ತಲಲ್ಲೇ ಮೊಳೆತ ಓಟ್ಸ್ ಸಸಿಗೆ ಬೆಳಕು ಎಷ್ಟು ಕಡಿಮೆ ಸಾಕು ಅನ್ನುವುದನ್ನು ನಮ್ಮ ಕಣ್ಣಿನ ಲೆಕ್ಕದಲ್ಲಿ ಊಹಿಸಲು ಆಗಲ್ಲ. 1909ರಲ್ಲಿ ಬ್ಲಾವ್ ಅನ್ನುವ ಡಚ್ ವಿಜ್ಞಾನಿ ಇದನ್ನು ಅಳೆದ. ಕಣ್ಣು ಕೋರೈಸುವಷ್ಟು ಬೆಳಕನ್ನು ಸೆಕೆಂಡಿನ ಸಾವಿರದ ಒಂದು ಭಾಗ ಕೊಟ್ಟರೂ ಓಟ್ಸ್ ಸಸಿ ಬಾಗಿತು. ಇದ್ದೂ ಇಲ್ಲದಂತಿರುವ ಬೆಳಕನ್ನು 43 ಗಂಟೆ ಕೊಟ್ಟರೂ ಅಷ್ಟೇ ಬಾಗಿತು. ಎರಡರಲ್ಲೂ ತೀವ್ರತೆಯನ್ನು ಹೊತ್ತಿನಿಂದ ಗುಣಿಸಿದರೆ ಸುಮಾರು ಒಂದೇ ಮೊತ್ತ. ಈಗ ಯೋಚಿಸಿ, ನಿಮ್ಮ ಪೆಟ್ಟಿಗೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಿದೆ, ಸಸಿಗಳು ಎರಡು ದಿನ ಒಳಗಿವೆ. ಆ ತೂತೇ ಪ್ರಯೋಗ ಮಾಡಿಬಿಟ್ಟಿರುತ್ತದೆ. ನೀವು ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಈ ಪೆಟ್ಟಿಗೆಯಲ್ಲಿ ಹಾಗಾಗಲಿಲ್ಲ. ಬೆಳಕು ಕೊಡದೆ ಬಿಟ್ಟ ಗೂಡಿನ ಓಟ್ಸ್ ನೆಟ್ಟಗೆ ಬಂದಿತ್ತು. ಓಟ್ಸ್‌ನಲ್ಲಿ ಮೊದಲು ಮೇಲೆ ಬರುವುದು ಎಲೆಯಲ್ಲ. ಎಳೆ ಎಲೆಯನ್ನು ಒಳಗೆ ಸುತ್ತಿಕೊಂಡು ಬರುವ ಒಂದು ಬಿಳುಪು ಕೊಳವೆ. ಅದಕ್ಕೆ ಕೋಲಿಯಾಪ್ಟೈಲ್ ಅಂತ ಹೆಸರು. ತುದಿ ಸ್ವಲ್ಪ ಮೊಂಡು, ಮುಟ್ಟಿದರೆ ತಣ್ಣಗೆ, ಬೆಳಕಿಗೆ ಹಿಡಿದರೆ ಒಳಗಿನ ಎಲೆಯ ನೆರಳು ಕಾಣುತ್ತದೆ. ಎಲೆ ಅದನ್ನು ಹರಿದುಕೊಂಡು ಹೊರಗೆ ಬರುವ ಮೊದಲೇ ಪ್ರಯೋಗ ಮುಗಿಸಬೇಕು. ಮೂಲಂಗಿ, ಸಾಸಿವೆಗಳದ್ದು ಬೇರೆ ಅವತಾರ. ಕತ್ತಲಲ್ಲಿ ಉದ್ದಕ್ಕೆ, ಹಳದಿಯಾಗಿ, ತಲೆ ಬಗ್ಗಿಸಿ ಕೊಕ್ಕೆಯ ಹಾಗೆ ಬೆಳೆಯುತ್ತವೆ. ಆ ಕೊಕ್ಕೆ ನೋಡಿ ಮಕ್ಕಳು ಬೆಳಕಿಗೆ ಬಾಗಿದೆ ಅಂದುಕೊಳ್ಳುತ್ತಾರೆ. ಕೊಕ್ಕೆ ಕತ್ತಲಿನದ್ದೇ ಗುಣ, ಮಣ್ಣು ಸೀಳಿ ಬರುವಾಗ ಎಳೆ ತುದಿ ಕೆಡದಿರಲಿ ಅಂತ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಬರೆಯಬೇಕಿತ್ತು.

ಇನ್ನು ಟೈಮರ್. ನೋಡೋಕೆ ಸಾಧಾರಣ ಡಬ್ಬಿ. ಎರಡು ತಿರುಪು. ಒಂದರಲ್ಲಿ ಹೊತ್ತು, ಒಂದು ಸೆಕೆಂಡಿನಿಂದ 24 ಗಂಟೆಯವರೆಗೆ. ಇನ್ನೊಂದರಲ್ಲಿ ಬೆಳಕಿನ ತೀವ್ರತೆ, ಮೆಟ್ಟಿಲು ಮೆಟ್ಟಿಲಾಗಿ. ತೀರಾ ಕೆಳಗಿನ ಮೆಟ್ಟಿಲಿನಲ್ಲಿ ನೀಲಿ ಪಟ್ಟಿ ಉರಿಯುತ್ತಿದೆಯೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಅಷ್ಟು ಮಂದ. ಆ ಮಂದ ಮೆಟ್ಟಿಲು ಕೊಟ್ಟಿದ್ದಕ್ಕೆ ತಯಾರಕರಿಗೆ ನನ್ನ ನಮಸ್ಕಾರ. ಅಗ್ಗದ ಕಿಟ್‌ಗಳಲ್ಲಿ ಉರಿಸು, ಆರಿಸು ಬಿಟ್ಟರೆ ಬೇರೇನೂ ಇರಲ್ಲ.

ಇದರಿಂದ ಏನು ನೋಡಬಹುದು ಅಂತ ಹೇಳುತ್ತೇನೆ. ಮೂರೂ ಗೂಡುಗಳಲ್ಲಿ ಕತ್ತಲಲ್ಲೇ ಬೆಳೆದ ಓಟ್ಸ್. ಮೊದಲನೇ ಗೂಡಿಗೆ ತೀರಾ ಮಂದ ನೀಲಿ ಬೆಳಕು, ಹತ್ತು ಸೆಕೆಂಡು. ಎರಡನೇ ಗೂಡಿಗೂ ಹತ್ತೇ ಸೆಕೆಂಡು, ಆದರೆ ಅತಿ ಪ್ರಖರ ಮೆಟ್ಟಿಲಿನಲ್ಲಿ. ಮೂರನೆಯದಕ್ಕೆ ಅದೇ ಪ್ರಖರ ಬೆಳಕು, ಎರಡು ಗಂಟೆ ಬಿಡದೆ. ಮೊದಲೆರಡಕ್ಕೆ ಬೆಳಕು ಕೊಟ್ಟ ತಕ್ಷಣ ಬಾಗಿಲು ಮುಚ್ಚಿ ಮತ್ತೆ ಕತ್ತಲು. ಎರಡು ಗಂಟೆ ಕಳೆದ ಮೇಲೆ ಮುಚ್ಚಳ ತೆಗೆಯುವ ಮೊದಲು ಮಕ್ಕಳ ಕೈಯಲ್ಲಿ ಊಹೆ ಬರೆಸಿದೆ. ಎಲ್ಲರೂ ಒಂದೇ ಬರೆದರು: ಮಂದ ಬೆಳಕಿನದು ಬಾಗಿರಲ್ಲ, ಪ್ರಖರದ್ದು ಸ್ವಲ್ಪ ಬಾಗಿರುತ್ತದೆ, ಮೂರನೆಯದು ಪೂರ್ತಿ ಬಾಗಿರುತ್ತದೆ.

ಮುಚ್ಚಳ ತೆಗೆದರೆ ಮೊದಲನೇ ಗೂಡಿನ ಸಸಿಗಳು ಸಾಲಾಗಿ ಕಿಟಕಿಯ ಕಡೆ ಬಾಗಿ ನಿಂತಿದ್ದವು. ಎರಡನೆಯದು ಹೆಚ್ಚುಕಡಿಮೆ ನೆಟ್ಟಗೆ! ಮೂರನೆಯದು ಮಾತ್ರ ಊಹೆಯಂತೆ ಜೋರಾಗಿ ಬಾಗಿತ್ತು. ಮುಂದಿನ ಬೆಂಚಿನ ಹುಡುಗಿ ಒಬ್ಬಳು ಎದ್ದುನಿಂತು, "ಮಿಸ್, ಎರಡನೇದಕ್ಕೂ ಮೊದಲನೇದಕ್ಕೂ ಚೀಟಿ ಅದಲು ಬದಲಾಗಿದೆ" ಅಂದಳು. ಇಲ್ಲಮ್ಮ, ಬದಲಾಗಿಲ್ಲ. ಬೇಕಾದರೆ ನಾಳೆ ನೀನೇ ಟೈಮರ್ ಒತ್ತು ಅಂದೆ. ಮರುದಿನ ಅವಳೇ ಒತ್ತಿದಳು. ಅದೇ ಬಂತು.

ಬೆಳಕು ಜಾಸ್ತಿಯಾದರೆ ಬಾಗುವುದು ಜಾಸ್ತಿಯಾಗಬೇಕು ಅಲ್ವಾ? ಒಂದು ಮಿತಿಯವರೆಗೆ ಹೌದು. ಬೆಳಕಿನ ಒಟ್ಟು ಮೊತ್ತ ತೀರಾ ಕಡಿಮೆ ಇದ್ದಾಗ ಏನೂ ಇಲ್ಲ. ಸ್ವಲ್ಪ ಏರಿಸಿದರೆ ಬಾಗುತ್ತದೆ, ಇನ್ನೂ ಏರಿಸಿದರೆ ಇನ್ನೂ ಬಾಗುತ್ತದೆ, ಒಂದು ಶಿಖರ ಮುಟ್ಟುತ್ತದೆ. ಅಲ್ಲಿಂದ ಮೇಲೆ ಏರಿಸಿದರೆ ಬಾಗುವಿಕೆ ಇಳಿಯುತ್ತಾ ಹೋಗುತ್ತದೆ. ಗ್ರಾಫ್ ಹಾಕಿದರೆ ಗುಡ್ಡದ ಆಕಾರ. ಇದಕ್ಕೆ ಮೊದಲ ಧನ ಬಾಗುವಿಕೆ ಅನ್ನುತ್ತಾರೆ (ಧನ ಅಂದರೆ ಬೆಳಕಿನ ಕಡೆಗೆ). ಬ್ಲಾವ್ ಕಂಡ ಗುಣಾಕಾರದ ಲೆಕ್ಕ ನಡೆಯುವುದು ಈ ಗುಡ್ಡದಲ್ಲಿ ಮಾತ್ರ. ತೀವ್ರತೆ ಅರ್ಧ ಮಾಡಿ ಹೊತ್ತು ದುಪ್ಪಟ್ಟು ಮಾಡಿದರೆ ಅಷ್ಟೇ ಕೋನ ಬರುತ್ತದೆ. ಗುಡ್ಡ ಇಳಿದ ಮೇಲೆ ಸಸಿ ನೆಟ್ಟಗಿರುವ ಒಂದು ಬಯಲು ಇದೆ. ನಮ್ಮ ಎರಡನೇ ಗೂಡು ಬಿದ್ದಿದ್ದು ಅಲ್ಲಿಗೆ. ಅದರಾಚೆ ಎರಡನೇ ಬಾಗುವಿಕೆ ಶುರುವಾಗುತ್ತದೆ. ಅಲ್ಲಿ ಗುಣಾಕಾರ ನಡೆಯಲ್ಲ. ಬೆಳಕು ಎಷ್ಟು ಹೊತ್ತು ಬಿತ್ತು ಅನ್ನುವುದೇ ಮುಖ್ಯ. ಹೊಲದಲ್ಲಿ, ಕಿಟಕಿಯಲ್ಲಿ, ತೋಟದಲ್ಲಿ ನಾವು ದಿನಾ ನೋಡುವ ಬಾಗುವಿಕೆಯೆಲ್ಲ ಈ ಎರಡನೇ ಜಾತಿಯದು. ಮೊದಲನೆಯದನ್ನು ನೋಡಬೇಕಾದರೆ ಒಳ್ಳೆಯ ಕತ್ತಲು ಬೇಕು, ಅಳೆದು ಕೊಡುವ ಬೆಳಕು ಬೇಕು. ಎರಡೂ ಈ ಕಿಟ್‌ನಲ್ಲಿವೆ. ನಾನು ಇದಕ್ಕೆ ಅಂಕ ಕೊಡುವುದು ಇದಕ್ಕಾಗಿಯೇ.

ತಮಾಷೆ ಅಂದರೆ ಕೈಪಿಡಿ ಬರೆದವರಿಗೆ ತಮ್ಮ ಟೈಮರ್ ಏನು ಮಾಡಬಲ್ಲದು ಅಂತಲೇ ಗೊತ್ತಿಲ್ಲ. ಅದರಲ್ಲಿರುವ ಎಲ್ಲ ಪ್ರಯೋಗಕ್ಕೂ "ಬೆಳಕನ್ನು ಗರಿಷ್ಠಕ್ಕೆ ಇಡಿ, ರಾತ್ರಿಯಿಡೀ ಬಿಡಿ" ಅಂತ ಒಂದೇ ಸೂಚನೆ. ಮಂದ ಮೆಟ್ಟಿಲುಗಳನ್ನು "ವಿದ್ಯುತ್ ಉಳಿತಾಯಕ್ಕೆ" ಅಂತ ವಿವರಿಸಿದ್ದಾರೆ! ಇನ್ನೊಂದು ಕಡೆ ಕ್ಷಣಕಾಲ ಬೆಳಕು ಕೊಟ್ಟು ಮರುದಿನ ಬೆಳಿಗ್ಗೆ ಕೋನ ಅಳೆಯಿರಿ ಅಂತಿದೆ. ಹಾಗೆ ಮಾಡಿದರೆ ಸಿಗುವುದು ನೆಟ್ಟಗಿನ ಸಸಿ. ಬಾಗಿದ ಸಸಿಯನ್ನು ಮತ್ತೆ ಕತ್ತಲಲ್ಲಿ ಬಿಟ್ಟರೆ ಗುರುತ್ವ ಅದನ್ನು ಮೇಲಕ್ಕೆ ಎಬ್ಬಿಸುತ್ತದೆ. ಬೆಳಕು ಪಕ್ಕಕ್ಕೆ ಕರೆಯುತ್ತದೆ, ಗುರುತ್ವ ನೆಟ್ಟಗೆ ನಿಲ್ಲು ಅನ್ನುತ್ತದೆ. ಬೆಳಕು ಸುಮ್ಮನಾದರೆ ಗೆಲ್ಲುವುದು ಗುರುತ್ವವೇ. ಕ್ಷಣಕಾಲದ ಬೆಳಕಿನ ಪ್ರಯೋಗವನ್ನು ಎರಡು ಗಂಟೆಯ ಸುಮಾರಿಗೆ ಅಳೆದು ಮುಗಿಸಿಬಿಡಿ. ನನ್ನ ಮಾತು ನಂಬಿ, ಕೈಪಿಡಿಯದನ್ನಲ್ಲ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಕಿಟ್ಟಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದೇ ಬಣ್ಣದ ಫಿಲ್ಟರ್‌ಗಳ ಬಗ್ಗೆ. ದೊಡ್ಡ ಸೆಟ್‌ನಲ್ಲಿ ಜಾಸ್ತಿ ಸಿಗುವುದೂ ಅವೇ. ಬಿಳಿ ಎಲ್‌ಇಡಿಯ ಮುಂದೆ ಕೆಂಪು ಹಾಳೆ ಇಟ್ಟು ರಾತ್ರಿಯಿಡೀ ಬಿಟ್ಟರೆ ಸಸಿಗಳು ಬಾಗಿದವು. ಬಾಗಬಾರದಿತ್ತು. ನೀಲಿ ಬೆಳಕು ಬಾಗಿಸುತ್ತದೆ, ಕೆಂಪು ಬಾಗಿಸಲ್ಲ ಅನ್ನುವುದು ಹೊಸ ಸಂಗತಿಯೇನಲ್ಲ. ಜರ್ಮನಿಯ ಸಾಕ್ಸ್ 1864ರಲ್ಲೇ ಬಣ್ಣದ ದ್ರಾವಣಗಳ ಮೂಲಕ ಬೆಳಕು ಹಾಯಿಸಿ ಇದನ್ನು ತೋರಿಸಿದ್ದ. ನೀಲಿ ದ್ರಾವಣದ ಹಿಂದಿನ ಗಿಡ ಬಾಗಿತು, ಕಿತ್ತಳೆ ಬಣ್ಣದ ದ್ರಾವಣದ ಹಿಂದಿನದು ಬಾಗಲಿಲ್ಲ. ಅಂದರೆ ತಪ್ಪಿರುವುದು ಸಸಿಯದ್ದಲ್ಲ, ಹಾಳೆಯದು.

ಪರೀಕ್ಷೆ ಸುಲಭ. ಹಳೆಯ ಸಿಡಿ ಒಂದಿದ್ದರೆ ಸಾಕು. ಬಿಳಿ ಎಲ್‌ಇಡಿಯ ಮುಂದೆ ಹಾಳೆ ಹಿಡಿದು, ಆ ಬೆಳಕನ್ನು ಸಿಡಿಯ ಹೊಳೆಯುವ ಮೈಮೇಲೆ ಬೀಳಿಸಿ, ಓರೆಯಾಗಿ ನೋಡಿ. ಒಳ್ಳೆಯ ಕೆಂಪು ಫಿಲ್ಟರ್ ಆದರೆ ಕೆಂಪು ಪಟ್ಟಿ ಮಾತ್ರ ಕಾಣಬೇಕು. ಇದರಲ್ಲಿ ಕೆಂಪಿನಿಂದಾಚೆ ಒಂದು ಕಪ್ಪು ತೆರಪು, ಅದರಾಚೆ ತೆಳ್ಳಗೆ ಒಂದು ನೀಲಿ ಗೆರೆ. ಬಿಳಿ ಎಲ್‌ಇಡಿ ಅಂದರೆ ಸಾಮಾನ್ಯವಾಗಿ ನೀಲಿ ಎಲ್‌ಇಡಿಯ ಮೇಲೆ ಹಳದಿ ಲೇಪ ಬಳಿದದ್ದೇ. ನೀಲಿ ಅದರಲ್ಲಿ ದಂಡಿಯಾಗಿ ಇರುತ್ತದೆ. ಅದರಲ್ಲಿ ಚೂರು ನುಸುಳಿದರೂ, ಸೆಕೆಂಡುಗಳ ಮಂದ ನೀಲಿಗೆ ಬಾಗುವ ಸಸಿಗೆ ಧಾರಾಳವಾಯಿತು. ಹಸಿರು ಹಾಳೆಯ ಕಥೆಯೂ ಇದೇ. ನೀಲಿ ಹಾಳೆಯಲ್ಲಿ ಹಸಿರು ಸೋರುತ್ತದೆ, ಆದರೆ ಅದರಿಂದ ಫಲಿತಾಂಶ ಕೆಡುವುದಿಲ್ಲ.

ಸಮಾಧಾನದ ವಿಷಯ, ಬಣ್ಣದ ಎಲ್‌ಇಡಿಗಳು ಚೆನ್ನಾಗಿವೆ. ನೀಲಿ ಪಟ್ಟಿ 450 ನ್ಯಾನೋಮೀಟರ್ ಆಸುಪಾಸಿನದು, ಸಸಿ ಅತಿ ಚೆನ್ನಾಗಿ ಓಗೊಡುವ ಜಾಗ ಅದೇ. ಕೆಂಪು 660. ಕೆಂಪು ಪಟ್ಟಿಯಲ್ಲಿ ಓಟ್ಸ್ ಅಲ್ಲಾಡಲಿಲ್ಲ, ರಾತ್ರಿಯಿಡೀ ನೆಟ್ಟಗೆ. ಹಾಳೆಗಳನ್ನು ಕಿಟ್ಟಿನಿಂದ ತೆಗೆದು ಪಟ್ಟಿಗಳನ್ನಷ್ಟೇ ಇಟ್ಟಿದ್ದರೆ ಯಾರೂ ದೂರು ಹೇಳುತ್ತಿರಲಿಲ್ಲ.

ಸಸಿಗೆ ನೀಲಿಯೇ ಯಾಕೆ ಬೇಕು ಅಂದರೆ, ಅದನ್ನು ಹಿಡಿಯುವ ಪ್ರೋಟೀನು ನೀಲಿಗೆ ಮಾತ್ರ ಎಚ್ಚರವಾಗುತ್ತದೆ. ಫೋಟೋಟ್ರೋಪಿನ್ ಅಂತ ಹೆಸರು. ಕೋಶದ ಪೊರೆಗೆ ಅಂಟಿಕೊಂಡಿರುತ್ತದೆ. ನೀಲಿ ಬೆಳಕು ಬಿದ್ದರೆ ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. 1988ರಲ್ಲಿ ಬಟಾಣಿ ಸಸಿಯಲ್ಲಿ ಇಂಥ ಪ್ರೋಟೀನಿನ ಸುಳಿವು ಸಿಕ್ಕಿತು, 1997ರಲ್ಲಿ ಅದರ ಜೀನ್ ಸಿಕ್ಕಿತು. ಅರಬಿಡಾಪ್ಸಿಸ್ ಅನ್ನುವ ಪ್ರಯೋಗಾಲಯದ ಗಿಡದಲ್ಲಿ ಇವು ಎರಡಿವೆ. ಒಂದು ಮಂದ ಬೆಳಕಿಗೂ ಪ್ರಖರ ಬೆಳಕಿಗೂ ಕೆಲಸ ಮಾಡುತ್ತದೆ, ಇನ್ನೊಂದು ಪ್ರಖರ ಬೆಳಕಿದ್ದರೆ ಮಾತ್ರ. ಕೈಪಿಡಿಯಲ್ಲಿ ಫೋಟೋಟ್ರೋಪಿನ್ ಹೆಸರೇ ಇಲ್ಲ. ಕ್ಲೋರೊಫಿಲ್ ನೀಲಿ ಬೆಳಕು ಹೀರುವುದರಿಂದ ಸಸಿ ಬಾಗುತ್ತದೆ ಅಂತ ಬರೆದಿದ್ದಾರೆ. ಕತ್ತಲಲ್ಲಿ ಬೆಳೆದ ಸಸಿಯಲ್ಲಿ ಕ್ಲೋರೊಫಿಲ್ ಎಲ್ಲಿಂದ ಬರಬೇಕು? ಕ್ಲೋರೊಫಿಲ್ ಕೆಂಪನ್ನೂ ಹೀರುತ್ತದೆ, ಹಾಗಿದ್ದರೆ ಕೆಂಪಿಗೂ ಬಾಗಬೇಕಿತ್ತಲ್ಲ? ಬರೆದವರು ತಮ್ಮ ಪೆಟ್ಟಿಗೆಯಲ್ಲಿ ಒಂದು ಸಲ ಬೀಜ ಹಾಕಿ ನೋಡಿದ್ದರೂ ಗೊತ್ತಾಗುತ್ತಿತ್ತು.

ಕೆಂಪು ಪಟ್ಟಿಗೆ ಇನ್ನೊಂದು ಉಪಯೋಗ ಇದೆ, ಅದನ್ನೂ ಹೇಳಿಬಿಡುತ್ತೇನೆ. ಓಟ್ಸ್ ಅನ್ನು ಪೂರ್ತಿ ಕತ್ತಲಲ್ಲೇ ಬಿಟ್ಟರೆ ಬೀಜಕ್ಕೂ ಕೋಲಿಯಾಪ್ಟೈಲಿಗೂ ನಡುವಿನ ತುಂಡು ಸಿಕ್ಕಾಪಟ್ಟೆ ಉದ್ದ ಬೆಳೆದು ಸಸಿ ತೂರಾಡುತ್ತದೆ. ಮೊಳಕೆ ಒಡೆದ ಹೊತ್ತಿನಲ್ಲಿ ಮೇಲಿನಿಂದ ಸ್ವಲ್ಪ ಕೆಂಪು ಬೆಳಕು ಕೊಟ್ಟರೆ ಆ ತುಂಡು ಗಿಡ್ಡವಾಗಿಯೇ ಉಳಿಯುತ್ತದೆ. ಕೋಲಿಯಾಪ್ಟೈಲ್ ಗಟ್ಟಿಯಾಗಿ ನೆಟ್ಟಗೆ ನಿಲ್ಲುತ್ತದೆ. ಹಳೆಯ ಪ್ರಯೋಗಾಲಯಗಳಲ್ಲೂ ಹೀಗೇ ಮಾಡುತ್ತಿದ್ದರು.

ಟೋಪಿಗಳ ಬಗ್ಗೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಕ್ಯಾನರಿ ಹುಲ್ಲಿನ ಸಸಿಗಳ ತುದಿಗೆ ಬೆಳಕು ಹಾಯದ ಟೋಪಿ ಹಾಕಿದರೆ ಬಾಗಲಿಲ್ಲ. ತುದಿಯನ್ನು ಬಿಟ್ಟು ಕೆಳಭಾಗ ಮುಚ್ಚಿದರೆ ಬಾಗಿತು. ನೋಡುವುದು ತುದಿ, ಬಾಗುವುದು ಕೆಳಗೆ. ಹಾಗಾದರೆ ಮೇಲಿನಿಂದ ಕೆಳಕ್ಕೆ ಏನೋ ಇಳಿದು ಬರುತ್ತಿರಬೇಕು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದಕ್ಕಿಂತ ಸೊಗಸಾದ ತರ್ಕ ಬೇರೆ ಇಲ್ಲ.

ಆದರೆ ಕಿಟ್ಟಿನ ಟೋಪಿಗಳು ದೊಡ್ಡವು. ಓಟ್ಸ್ ತುದಿಗೆ ಹಾಕಿದರೆ ಜಾರಿ ಬುಡಕ್ಕೆ ಬಂದು ಕೂರುತ್ತವೆ. ಮೂಲಂಗಿಯ ತಲೆಗೆ ಸರಿಹೊಂದುತ್ತವೆ, ಕೈಪಿಡಿಯೂ ಮೂಲಂಗಿಗೇ ಹಾಕಿ ಅನ್ನುತ್ತದೆ. ಅದರಿಂದ ಪ್ರಯೋಜನವಿಲ್ಲ. ಮೂಲಂಗಿಯಂಥ ದ್ವಿದಳ ಸಸಿಗಳಲ್ಲಿ ಬೆಳಕನ್ನು ಗ್ರಹಿಸುವುದು ತಲೆಯ ಎಲೆಗಳಿಗಿಂತ ಹೆಚ್ಚಾಗಿ ದಂಟಿನ ಮೇಲ್ಭಾಗ. ಟೋಪಿ ಹಾಕಿದರೂ ಬಾಗಿಬಿಡುತ್ತದೆ. ಮಕ್ಕಳು ಡಾರ್ವಿನ್ ಸುಳ್ಳು ಹೇಳಿದ ಅಂತ ತೀರ್ಮಾನ ಮಾಡುತ್ತಾರೆ. ನಾನು ಟೋಪಿಗಳನ್ನು ಬದಿಗಿಟ್ಟೆ. ಅಲ್ಯೂಮಿನಿಯಂ ಹಾಳೆಯ ಚೂರನ್ನು ದಬ್ಬಣದ ತುದಿಗೆ ಸುತ್ತಿ, ಮೇಲ್ತುದಿ ಹಿಂಡಿ ಮುಚ್ಚಿ, ಮೆಲ್ಲಗೆ ಜಾರಿಸಿ ತೆಗೆದರೆ ಓಟ್ಸ್‌ಗೆ ಅಳತೆಯ ಟೋಪಿ ಸಿದ್ಧ. ಕೆಳಭಾಗ ಮುಚ್ಚಲು ನಯವಾದ ಕಪ್ಪು ಮರಳು ಸುರಿದು ತುದಿಯಷ್ಟೇ ಹೊರಗೆ ಬಿಡಿ. ಡಾರ್ವಿನ್ನರೂ ಮರಳಿನ ಉಪಾಯ ಮಾಡಿದ್ದರು. ಮರಳು ಕೆದಕಿ ನೋಡಿದಾಗ ಒಳಗೆ ಹೂತಿದ್ದ ಭಾಗವೇ ಬಾಗಿರುವುದು ಕಾಣುತ್ತದೆ. ಒಂದು ಚಿಕ್ಕ ಕುಂಚ ಇಟ್ಟುಕೊಂಡು ಮರಳನ್ನು ಪಕ್ಕಕ್ಕೆ ತಳ್ಳಿ. ಬೆರಳು ಹಾಕಿದರೆ ಸಸಿ ಮುರಿಯುತ್ತದೆ.

ಆ ಇಳಿದು ಬರುವ ವಸ್ತು ಆಕ್ಸಿನ್, ಕೋಶಗಳನ್ನು ಉದ್ದಕ್ಕೆ ಬೆಳೆಸುವ ಹಾರ್ಮೋನು. ಇಲ್ಲಿ ಕೈಪಿಡಿ ಮತ್ತೆ ಎಡವಿದೆ. ಬೆಳಕು ಬಿದ್ದ ಕಡೆ ಆಕ್ಸಿನ್ ನಾಶವಾಗುತ್ತದೆ, ಆದ್ದರಿಂದ ನೆರಳಿನ ಕಡೆ ಜಾಸ್ತಿ ಬೆಳೆಯುತ್ತದೆ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಕೊನೆಯ ಮಾತು ಸರಿ, ನೆರಳಿನ ಕಡೆ ಉದ್ದವಾಗುವುದರಿಂದಲೇ ಸಸಿ ಬೆಳಕಿನ ಕಡೆ ಬಾಗುತ್ತದೆ. ಮೊದಲಿನದು ತಪ್ಪು. ಡೆನ್ಮಾರ್ಕಿನ ಬಾಯ್ಸೆನ್ ಯೆನ್ಸೆನ್ 1910ರ ಆಸುಪಾಸಿನಲ್ಲಿ ತುದಿಯ ಸಂದೇಶ ಜೆಲಟಿನ್ ದಾಟುತ್ತದೆ, ಅಭ್ರಕದ ಚೂರು ದಾಟಲ್ಲ ಅಂತ ತೋರಿಸಿದ. ಆಮೇಲೆ ನೆದರ್‌ಲ್ಯಾಂಡ್ಸಿನ ವೆಂಟ್ ಓಟ್ಸ್ ತುದಿಗಳನ್ನು ಕತ್ತರಿಸಿ ಅಗರ್ ಅನ್ನುವ ಜೆಲ್ಲಿಯ ಚೂರಿನ ಮೇಲೆ ಕೂರಿಸಿ ಆ ವಸ್ತುವನ್ನು ಹಿಡಿದಿಟ್ಟ. ನಾಶವಾಗುತ್ತದೋ ಜಾಗ ಬದಲಿಸುತ್ತದೋ ಅನ್ನುವ ಜಗಳ ಬಗೆಹರಿಸಿದ್ದು ವಿನ್ಸ್‌ಲೊ ಬ್ರಿಗ್ಸ್ ತಂಡ, 1957ರಲ್ಲಿ. ಮೆಕ್ಕೆಜೋಳದ ತುದಿಗಳನ್ನು ಕತ್ತಲಲ್ಲಿಟ್ಟರೂ ಒಂದು ಬದಿಯಿಂದ ಬೆಳಕು ಕೊಟ್ಟರೂ ಸಿಕ್ಕ ಒಟ್ಟು ಆಕ್ಸಿನ್ ಸಮ. ತುದಿಯ ನಡುವೆ ತೆಳು ಗಾಜು ತೂರಿಸಿ ಪೂರ್ತಿ ಎರಡು ಹೋಳು ಮಾಡಿದರೆ ಎರಡೂ ಕಡೆ ಸಮ. ಮೇಲೆ ಸ್ವಲ್ಪ ಜಾಗ ಬಿಟ್ಟು ತೂರಿಸಿದರೆ ನೆರಳಿನ ಕಡೆ ಜಾಸ್ತಿ. ಅಂದರೆ ಆಕ್ಸಿನ್ ಎಲ್ಲೂ ಕಳೆದುಹೋಗಲಿಲ್ಲ, ಅಡ್ಡಲಾಗಿ ನೆರಳಿನ ಕಡೆಗೆ ಸರಿಯಿತು. ನಮ್ಮ ಶಾಲೆಯ ಪ್ರತಿಯಲ್ಲಿ ಆ ಸಾಲನ್ನು ಪೆನ್ನಿನಲ್ಲಿ ಹೊಡೆದು ಸರಿ ಮಾಡಿದ್ದೇನೆ. ನೀವೂ ಮಾಡಿಕೊಳ್ಳಿ, 11ನೇ ಪುಟ.

ಇದೇ ಜಾಗದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಮಿಸ್, ಇದು ಇಷ್ಟು ತೆಳ್ಳಗಿದೆ, ಬೆಳಕು ಆಚೆ ಕಡೆಗೂ ಹೋಗಲ್ವಾ? ನೆರಳು ಎಲ್ಲಿಂದ ಬಂತು?" ಒಳ್ಳೆಯ ಅನುಮಾನ. 2023ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್ ವಿಶ್ವವಿದ್ಯಾಲಯದವರು ಇದಕ್ಕೆ ಒಂದು ಉತ್ತರ ಪ್ರಕಟಿಸಿದರು. ಅರಬಿಡಾಪ್ಸಿಸ್ ದಂಟಿನ ಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳಿವೆ. ಬೆಳಕು ಅಲ್ಲಿ ಚದುರುತ್ತದೆ, ಆಚೆ ತಲುಪುವಾಗ ಕಡಿಮೆಯಾಗಿರುತ್ತದೆ. ಆ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡ ಒಂದು ಬಗೆಯ ಸಸಿ ಸಿಕ್ಕಿತು. ನೋಡಲು ಹೆಚ್ಚು ಪಾರದರ್ಶಕ, ಬಾಗುವುದರಲ್ಲಿ ಸೋಮಾರಿ. ಹುಡುಗ ಪೆಟ್ಟಿಗೆಯಿಂದ ಒಂದು ಮೂಲಂಗಿ ಸಸಿ ಕಿತ್ತು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾ ಕೂತ. ಲೆಕ್ಕಕ್ಕೆ ಒಂದು ಸಸಿ ಕಮ್ಮಿಯಾಯಿತು, ಹೋಗಲಿ.

ಮೊಬೈಲ್ ಇಡುವ ಗೂಡು ಒಂದು ಕೊಟ್ಟಿದ್ದಾರೆ, ಸಸಿ ಬಾಗುವುದನ್ನು ಚಿತ್ರ ಚಿತ್ರವಾಗಿ ಹಿಡಿಯಲು. ವಿಚಾರ ಚೆನ್ನಾಗಿದೆ. ಆದರೆ ಒಳಗೆ ಕತ್ತಲು, ಆದ್ದರಿಂದ ಫ್ಲ್ಯಾಶ್ ಹಾಕಿ ಐದು ನಿಮಿಷಕ್ಕೊಂದು ಚಿತ್ರ ತೆಗೆಯಿರಿ ಅಂತ ಸೂಚನೆ. ಫ್ಲ್ಯಾಶ್‌ನಲ್ಲಿ ನೀಲಿ ಇದೆಯಲ್ಲ! ಪಕ್ಕದ ಶಾಲೆಯ ಮೇಷ್ಟ್ರು ಹೀಗೆ ತೆಗೆದ ವಿಡಿಯೊ ತೋರಿಸಿದರು. ಸಸಿಗಳೆಲ್ಲ ಕಿಟಕಿ ಬಿಟ್ಟು ಮೊಬೈಲಿನ ಕಡೆಗೇ ವಾಲಿ ಬರುತ್ತಿವೆ. "ಮೇಡಂ, ಇವಕ್ಕೂ ಮೊಬೈಲ್ ಹುಚ್ಚು" ಅಂದರು. ಫ್ಲ್ಯಾಶ್ ಆರಿಸಿ, ಕೆಂಪು ಪಟ್ಟಿಯನ್ನು ಮಂದವಾಗಿ ಉರಿಸಿ ಅದರ ಬೆಳಕಿನಲ್ಲೇ ಚಿತ್ರ ತೆಗೆಯಿರಿ. ಚಿತ್ರ ಕೆಂಪಗೆ ಬರುತ್ತದೆ, ಪರವಾಗಿಲ್ಲ. ಮೊಬೈಲಿನ ಪರದೆಯನ್ನೂ ಮುಚ್ಚಿ.

ಕೋನದ ಕಾರ್ಡು ಸರಳ, ಉಪಯುಕ್ತ. ತುದಿಯ ನೇರಕ್ಕೆ ಒಂದು ಗೆರೆ, ಬುಡದ ನೇರಕ್ಕೆ ಇನ್ನೊಂದು, ನಡುವಿನ ಕೋನ ಓದುವುದು. ಒಂದೊಂದು ಸಸಿ ಒಂದೊಂದು ಥರ ಬಾಗುತ್ತದೆ, ಹಾಗಾಗಿ ಗೂಡಿಗೆ ಹತ್ತಾದರೂ ಸಸಿ ಇಟ್ಟು ಸರಾಸರಿ ತೆಗೆಯಿರಿ. ಬೀಜಗಳಲ್ಲಿ ಸಾಸಿವೆ, ಮೂಲಂಗಿ ಚೆನ್ನಾಗಿ ಮೊಳೆತವು. ಓಟ್ಸ್ ಸುಮಾರಾಗಿ. ಬೇರೆ ಓಟ್ಸ್ ಹುಡುಕುವವರಿಗೆ ಒಂದು ಮಾತು: ಅಡುಗೆಗೆ ಬರುವ ಚಪ್ಪಟೆ ಓಟ್ಸ್ ಮೊಳೆಯಲ್ಲ. ಅದನ್ನು ಆವಿಯಲ್ಲಿ ಬೇಯಿಸಿ ಒತ್ತಿರುತ್ತಾರೆ. ಬಿತ್ತನೆ ಬೀಜವೇ ಬೇಕು.

ಮಾರಾಟದ ನಂತರದ ಸೇವೆಗೆ ತಕರಾರಿಲ್ಲ. ಒಂದು ಗೂಡಿನ ಬಾಗಿಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಫೋಟೊ ಕಳಿಸಿದೆ, ಬೇರೆ ಬಾಗಿಲು ಕಳಿಸಿಕೊಟ್ಟರು. ಫಿಲ್ಟರ್ ವಿಷಯ ಬರೆದಾಗ ಮಾತ್ರ "ಹಾಳೆಯನ್ನು ಎರಡು ಪದರ ಮಾಡಿ ಬಳಸಿ" ಅಂತ ಉತ್ತರ ಬಂತು. ಎರಡು ಪದರ ಮಾಡಿ ಸಿಡಿಯಲ್ಲಿ ನೋಡಿದೆ. ನೀಲಿ ಗೆರೆ ಮಸುಕಾಯಿತು, ಹೋಗಲಿಲ್ಲ. ಸಸಿಗಳು ಸ್ವಲ್ಪ ಕಡಿಮೆ ಬಾಗಿದವು, ಬಾಗುವುದನ್ನು ಬಿಡಲಿಲ್ಲ.

ಯಾರು ಕೊಳ್ಳಬೇಕು? ಹೈಸ್ಕೂಲು, ಪಿಯುಸಿ ಲ್ಯಾಬ್‌ಗಳಿಗೆ ಧೈರ್ಯವಾಗಿ ಹೇಳುತ್ತೇನೆ. ಮನೆಯಲ್ಲಿ ಒಂದು ಮಗುವಿಗೆ ಅಂತಾದರೆ, ಮಗುವಿಗೆ ಎರಡು ಗಂಟೆ ಕಾದು ಅಳೆಯುವ ತಾಳ್ಮೆ ಇದ್ದರೆ ಮಾತ್ರ. ಬರೀ ಗಿಡ ಬಾಗುವುದನ್ನು ತೋರಿಸಬೇಕು ಅನ್ನುವವರಿಗೆ ಕಿಟ್ ಬೇಡವೇ ಬೇಡ, ಕಿಟಕಿ ಸಾಕು. ಗುರುತ್ವದ ಎಳೆತವನ್ನು ಎಲ್ಲ ದಿಕ್ಕಿಗೂ ಹಂಚುವಂತೆ ಸಸಿಯನ್ನು ನಿಧಾನಕ್ಕೆ ತಿರುಗಿಸುವ ಕ್ಲಿನೋಸ್ಟಾಟ್ ಇದರಲ್ಲಿಲ್ಲ, ಅದನ್ನು ನಿರೀಕ್ಷಿಸಬೇಡಿ. ಚಿಕ್ಕ ಸೆಟ್‌ನಲ್ಲಿ ಪೆಟ್ಟಿಗೆ, ಟೈಮರ್, ನೀಲಿ ಮತ್ತು ಕೆಂಪು ಪಟ್ಟಿ ಬರುತ್ತವೆ. ಹಾಳೆ, ಟೋಪಿ, ಮೊಬೈಲ್ ಗೂಡು ಬರುವುದಿಲ್ಲ. ಆರ್ಡರ್ ಮಾಡುವ ಮೊದಲು ಟೈಮರಿನಲ್ಲಿ ಮಂದ ಮೆಟ್ಟಿಲುಗಳು ಇವೆಯೇ ಅಂತ ಒಂದು ಸಲ ಕೇಳಿಕೊಳ್ಳಿ. ಅವಿಲ್ಲದ ಹಳೆಯ ಮಾದರಿಯನ್ನೂ ಇದೇ ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದಾರೆ.